ನೀರಿನೊಳಗೆ ಕ್ಯಾಮೆರಾ ಇಟ್ಟ ಕೋಚ್

ಫ್ಲೂಯಿಡ್ ಮೆಕ್ಯಾನಿಕ್ಸ್ ಲ್ಯಾಬಲ್ಲಿ ವೆಂಚುರಿಮೀಟರ್ ಪ್ರಯೋಗ ಮಾಡಿದ ಪ್ರತಿಯೊಬ್ಬರಿಗೂ ಒಂದು ಗುಟ್ಟು ಗೊತ್ತಿರುತ್ತೆ. ಉತ್ತರ 0.97, 0.98ರ ಹತ್ತಿರ ಬರಬೇಕು ಅಂತ ಸೀನಿಯರ್ ರೆಕಾರ್ಡ್ ನೋಡಿ ಮೊದಲೇ ತಿಳ್ಕೊಂಡಿರ್ತೀವಿ. ನಮಗೆ 0.81 ಬಂತು ಅಂದ್ರೆ ಏನ್ ಮಾಡ್ತೀವಿ? ಪೈಪಲ್ಲಿ ಗಾಳಿ ಸೇರಿದೆಯಾ, ವಾಲ್ವ್ ಸರಿಯಾಗಿ ಮುಚ್ಚಿದೆಯಾ ಅಂತ ನೋಡಲ್ಲ. ಟ್ಯಾಂಕಲ್ಲಿ 10 ಸೆಂ.ಮೀ. ನೀರು ಏರೋಕೆ ಹಿಡಿದ 18 ಸೆಕೆಂಡನ್ನು ರಬ್ಬರಲ್ಲಿ ಅಳಿಸಿ 15 ಅಂತ ಬರೀತೀವಿ. 0.97 ಬರುತ್ತೆ. ಸಹಿ ಬೀಳುತ್ತೆ. ಕ್ಯಾಂಟೀನಿಗೆ ಹೋಗ್ತೀವಿ.

ಇದನ್ನು ಬೈಯೋಕೆ ಈ ಲೇಖನ ಬರೀತಿಲ್ಲ, ನಾನೂ ಅದೇ ಗುಂಪಿನವನೇ. ಆದರೆ ಇತ್ತೀಚೆಗೆ ಒಬ್ಬ ಈಜು ಕೋಚ್ ಬಗ್ಗೆ ಓದ್ತಾ ಇದ್ದಾಗ ಆ 18 ಮತ್ತು 15 ನೆನಪಾಯ್ತು. ಆತ ಜೀವನಪೂರ್ತಿ ಮಾಡಿದ ಕೆಲಸ ನಮ್ಮದಕ್ಕೆ ಸರಿಯಾಗಿ ಉಲ್ಟಾ. ಪುಸ್ತಕದಲ್ಲಿರುವ ಉತ್ತರವನ್ನು ಪಕ್ಕಕ್ಕಿಟ್ಟು, ನೀರಿನೊಳಗೆ ನಿಜವಾಗಿ ಏನಾಗ್ತಿದೆ ಅಂತ ನೋಡಿದರು. ಅವರ ಹೆಸರು ಜೇಮ್ಸ್ ಕೌನ್ಸಿಲ್‌ಮನ್. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಈಜು ತಂಡಕ್ಕೆ 1957ರಿಂದ 1990ರವರೆಗೆ ಹೆಡ್ ಕೋಚ್. ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ಡಾಕ್' ಅಂತ.

ಪೈಲಟ್, ಪಿಎಚ್‌ಡಿ, ಆಮೇಲೆ ಕೋಚ್

ಕೌನ್ಸಿಲ್‌ಮನ್ ಹುಟ್ಟಿದ್ದು 1920ರಲ್ಲಿ, ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನಲ್ಲಿ. ಬೆಳೆದದ್ದು ಸೇಂಟ್ ಲೂಯಿಸಿನಲ್ಲಿ. ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ಒಳ್ಳೆಯ ಬ್ರೆಸ್ಟ್‌ಸ್ಟ್ರೋಕ್ ಈಜುಗಾರ. ಅಷ್ಟರಲ್ಲಿ ಎರಡನೇ ಮಹಾಯುದ್ಧ ಬಂತು. ಓದು ಅಲ್ಲಿಗೇ ನಿಂತು, ಬಿ-24 ಬಾಂಬರ್ ವಿಮಾನದ ಪೈಲಟ್ ಆದರು, ಡಿಸ್ಟಿಂಗ್ವಿಶ್ಡ್ ಫ್ಲೈಯಿಂಗ್ ಕ್ರಾಸ್ ಪದಕವನ್ನೂ ಪಡೆದರು. ಈ ಪೈಲಟ್ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಯುದ್ಧ ಮುಗಿಸಿ ಬಂದು ಡಿಗ್ರಿ ಮುಗಿಸಿದರು. 1951ರಲ್ಲಿ ಅಯೋವಾ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. 'ಡಾಕ್' ಅನ್ನೋ ಹೆಸರು ಬಂದದ್ದು ಅದರಿಂದ. ಆ ಕಾಲಕ್ಕೆ ಇದು ವಿಚಿತ್ರವೇ. ಕೋಚ್ ಅಂದ್ರೆ ಹಿಂದೆ ತಾನೂ ಆಡಿದ್ದವನು, ಕೈಯಲ್ಲಿ ಸ್ಟಾಪ್‌ವಾಚ್, ಕುತ್ತಿಗೆಯಲ್ಲಿ ವಿಶಲ್, ಜೋರು ದನಿ, ಇಷ್ಟೇ. ಕೋಚಿಂಗನ್ನು ಸಂಶೋಧನೆ ಅಂದುಕೊಂಡವರು ಕಡಿಮೆ.

1952ರಲ್ಲಿ ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಅನ್ನೋ ಊರಿನ ಶಿಕ್ಷಕರ ಕಾಲೇಜಿಗೆ ಕೋಚ್ ಆಗಿ ಸೇರಿದರು. ಅಲ್ಲಿ ಅವರಿಗೆ ಸಿಕ್ಕಿದವನು ಜಾರ್ಜ್ ಬ್ರೀನ್. ಚಿಕ್ಕಂದಿನಿಂದ ಸ್ಪರ್ಧೆಗಳಲ್ಲಿ ಈಜಿ ಬೆಳೆದವನಲ್ಲ, ಕಾಲೇಜಿಗೆ ಬಂದ ಮೇಲೆ ಈಜನ್ನು ಗಂಭೀರವಾಗಿ ತೆಗೆದುಕೊಂಡ ಹುಡುಗ. ಕೆಲವೇ ವರ್ಷದಲ್ಲಿ, 1956ರ ಮೆಲ್ಬರ್ನ್ ಒಲಿಂಪಿಕ್ಸಿನ 1500 ಮೀಟರ್ ಹೀಟ್ಸಲ್ಲಿ ಅವನು 17 ನಿಮಿಷ 52.9 ಸೆಕೆಂಡಿನ ವಿಶ್ವದಾಖಲೆ ಮಾಡಿದ. ಫೈನಲಲ್ಲಿ ಕಂಚು ಬಂತು. ಮರುವರ್ಷವೇ ಡಾಕ್ ಇಂಡಿಯಾನಾಕ್ಕೆ, ಬ್ಲೂಮಿಂಗ್ಟನ್ ಊರಿಗೆ ಬಂದರು.

ಹೇಳೋದು ಒಂದು, ಮಾಡೋದು ಇನ್ನೊಂದು

ಆ ಕಾಲದಲ್ಲಿ ಫ್ರೀಸ್ಟೈಲ್ ಕಲಿಸುತ್ತಿದ್ದ ರೀತಿ ನ್ಯೂಟನ್ನನ ಮೂರನೇ ನಿಯಮದಷ್ಟೇ ಸರಳ. ನೀರನ್ನು ಹಿಂದಕ್ಕೆ ತಳ್ಳು, ನೀನು ಮುಂದಕ್ಕೆ ಹೋಗ್ತೀಯ. ಹಾಗಾಗಿ ಕೈಯನ್ನು ದೋಣಿಯ ಹುಟ್ಟಿನ ಥರ ನೇರವಾಗಿ ಹಿಂದಕ್ಕೆ ಎಳೀಬೇಕು. ಕೇಳಿದರೆ ಯಾರಾದರೂ ಒಪ್ಪುವ ಮಾತು.

ಡಾಕ್ ನೀರಿನೊಳಗೆ ಮೂವಿ ಕ್ಯಾಮೆರಾ ಇಟ್ಟು ಈಜುಗಾರರನ್ನು ಚಿತ್ರೀಕರಿಸಲು ಶುರು ಮಾಡಿದರು. ಇವತ್ತು ನಮ್ಮ ಫೋನಿಗೇ ವಾಟರ್‌ಪ್ರೂಫ್ ಕವರ್ ಹಾಕಿ ಮಾಡಬಹುದಾದ ಕೆಲಸ, ಆಗ ದೊಡ್ಡ ರಗಳೆಯದು. ಫಿಲ್ಮಲ್ಲಿ ಕಂಡದ್ದು ಬೇರೆಯೇ. ತುಂಬಾ ವೇಗವಾಗಿ ಈಜುವವರು ಯಾರೂ ಕೈಯನ್ನು ನೇರವಾಗಿ ಎಳೀತಿರಲಿಲ್ಲ. ಮೊಣಕೈ ಬಾಗಿರುತ್ತಿತ್ತು. ಅಂಗೈ ಹೊರಗೆ, ಒಳಗೆ, ಮತ್ತೆ ಹೊರಗೆ ಹೀಗೆ ಹಾವಿನ ಹಾಗೆ ಬಳುಕುತ್ತಾ ಹೋಗುತ್ತಿತ್ತು. ತಮಾಷೆ ಏನಂದ್ರೆ, ಅದೇ ಈಜುಗಾರರನ್ನು ಕೇಳಿದರೆ "ನಾವು ನೇರ ಎಳೀತೀವಿ" ಅನ್ನುತ್ತಿದ್ದರು. ಅವರು ಸುಳ್ಳು ಹೇಳ್ತಿರಲಿಲ್ಲ. ತಮ್ಮ ಕೈ ಏನು ಮಾಡ್ತಿದೆ ಅಂತ ಅವರಿಗೇ ಗೊತ್ತಿರಲಿಲ್ಲ.

ನನಗೆ ಈ ಕಥೆಯಲ್ಲಿ ಮುಖ್ಯ ಅನ್ನಿಸಿದ್ದು ಇದೇ ಜಾಗ. ಚಾಂಪಿಯನ್ ಹೇಳಿದ ಅಂದ ಮಾತ್ರಕ್ಕೆ ಅದು ಡೇಟಾ ಅಲ್ಲ. ಅವನ ಕೈ ಮಾಡಿದ್ದು ಡೇಟಾ.

ಡಾಕ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಈಜುಗಾರನ ಬೆರಳಿಗೆ ಪುಟ್ಟ ಮಿನುಗುವ ದೀಪ ಕಟ್ಟಿ, ಪೂಲಿನ ಲೈಟು ಆರಿಸಿ, ಕತ್ತಲಲ್ಲಿ ಫೋಟೊ ತೆಗೆದರು. ಆಗ ದೇಹ ಕಾಣಲ್ಲ, ಕೈ ನೀರಲ್ಲಿ ಸಾಗಿದ ದಾರಿ ಮಾತ್ರ ಬೆಳಕಿನ ಚುಕ್ಕಿಗಳಾಗಿ ಮೂಡುತ್ತೆ. ಇದರಲ್ಲಿ ಕಂಡ ವಿಷಯ ನಮ್ಮ ತಲೆಗೂ ಸ್ವಲ್ಪ ಕೆಲಸ ಕೊಡುತ್ತೆ. ಈಜುಗಾರನ ದೇಹಕ್ಕೆ ಹೋಲಿಸಿದರೆ ಕೈ ತಲೆಯ ಮುಂದಿನಿಂದ ತೊಡೆಯವರೆಗೆ ಹಿಂದಕ್ಕೆ ಬರುತ್ತೆ, ನಿಜ. ಆದರೆ ಪೂಲಿನ ಗೋಡೆಗೆ ಹೋಲಿಸಿದರೆ? ಕೈ ನೀರಿಗೆ ಇಳಿದ ಜಾಗಕ್ಕೂ ಹೊರಗೆ ಬಂದ ಜಾಗಕ್ಕೂ ಹೆಚ್ಚು ಅಂತರವೇ ಇಲ್ಲ. ಕೈ ಹಿಂದಕ್ಕೆ ಹೋದದ್ದಕ್ಕಿಂತ, ದೇಹ ಕೈಯನ್ನು ದಾಟಿ ಮುಂದಕ್ಕೆ ಹೋಗಿದೆ. ಮೆಟ್ಟಿಲ ಕಂಬಿ ಹಿಡಿದು ಮೈಯನ್ನು ಮೇಲೆ ಎಳ್ಕೊಂಡ ಹಾಗೆ. ಫಸ್ಟ್ ಇಯರ್ ಮೆಕ್ಯಾನಿಕ್ಸಲ್ಲಿ 'ಫ್ರೇಮ್ ಆಫ್ ರೆಫರೆನ್ಸ್' ಅಂತ ಎರಡು ಮಾರ್ಕಿನ ಪ್ರಶ್ನೆಗೆ ಉರು ಹೊಡೆದದ್ದು ಇದನ್ನೇ.

ಹುಟ್ಟಾ, ಪ್ರೊಪೆಲ್ಲರಾ?

ಕೈ ಯಾಕೆ ಹಾಗೆ ಬಳುಕುತ್ತೆ? ಒಂದು ಕಾರಣ ಲೆಕ್ಕ ಹಾಕಿದರೇ ಸಿಗುತ್ತೆ. ಮುಂದಕ್ಕೆ ಹೋಗೋಕೆ ನೀರಿಗೆ ಹಿಂದಕ್ಕೆ ಒಂದಷ್ಟು ಮೊಮೆಂಟಮ್ ಕೊಡಬೇಕು. ಅದು ದ್ರವ್ಯರಾಶಿ ಗುಣಿಸು ವೇಗ. ಆದರೆ ಅದಕ್ಕೆ ನಾವು ತೆರುವ ಶಕ್ತಿ, ದ್ರವ್ಯರಾಶಿ ಗುಣಿಸು ವೇಗದ ವರ್ಗ, ಅದರಲ್ಲಿ ಅರ್ಧ. ಸ್ವಲ್ಪ ನೀರನ್ನು ಜೋರಾಗಿ ತಳ್ಳುವ ಬದಲು, ಎರಡರಷ್ಟು ನೀರನ್ನು ಅರ್ಧ ವೇಗದಲ್ಲಿ ತಳ್ಳಿದರೆ ಮೊಮೆಂಟಮ್ ಅಷ್ಟೇ ಸಿಗುತ್ತೆ, ಶಕ್ತಿಯ ಖರ್ಚು ಅರ್ಧಕ್ಕೆ ಇಳಿಯುತ್ತೆ. ಕೈಯನ್ನು ನೇರ ಎಳೆದರೆ ಒಂದೇ ನೀರನ್ನು ಮತ್ತೆ ಮತ್ತೆ ತಳ್ಳುತ್ತಾ ಇರ್ತೀವಿ, ಅದು ಆಗಲೇ ಓಡುತ್ತಿರುವ ನೀರು. ಪಕ್ಕಕ್ಕೆ ಸರಿದರೆ ನಿಂತ ನೀರು ಸಿಗುತ್ತೆ.

ಡಾಕ್ ಇಲ್ಲಿಗೆ ನಿಲ್ಲಿಸಲಿಲ್ಲ. ಬಾಂಬರ್ ಹಾರಿಸಿದ್ದ ಮನುಷ್ಯನಿಗೆ ವಿಮಾನದ ರೆಕ್ಕೆ ಹೊಸದಲ್ಲ. ಓರೆಯಾಗಿ ಹಿಡಿದ ಅಂಗೈ ನೀರಲ್ಲಿ ಅಡ್ಡಡ್ಡ ಸಾಗುವಾಗ ರೆಕ್ಕೆಯ ಹಾಗೆ, ಪ್ರೊಪೆಲ್ಲರ್ ಅಲಗಿನ ಹಾಗೆ 'ಲಿಫ್ಟ್' ಹುಟ್ಟಿಸುತ್ತೆ, ಆ ಲಿಫ್ಟ್ ಈಜುಗಾರನನ್ನು ಮುಂದಕ್ಕೆ ತಳ್ಳುತ್ತೆ ಅಂತ ಅವರು ವಾದಿಸಿದರು. 1970ರ ಆಸುಪಾಸಿನಲ್ಲಿ ಬರ್ನೂಲಿ ತತ್ವವನ್ನು ಈಜಿಗೆ ಹಚ್ಚಿ ಬರೆದ ಪ್ರಬಂಧಗಳು ಕೋಚಿಂಗ್ ಜಗತ್ತನ್ನು ಅಲುಗಾಡಿಸಿದವು. ಅದಕ್ಕೂ ಮುಂಚೆ, 1968ರಲ್ಲಿ 'ದಿ ಸೈನ್ಸ್ ಆಫ್ ಸ್ವಿಮ್ಮಿಂಗ್' ಅನ್ನೋ ಅವರ ಪುಸ್ತಕ ಬಂದಿತ್ತು. ಹಲವು ದೇಶಗಳ ಕೋಚುಗಳಿಗೆ ಅದು ಪಠ್ಯಪುಸ್ತಕವೇ ಆಯ್ತು.

ಗೋಡೆ ಗಡಿಯಾರ ಮತ್ತು ಜೆಲ್ಲಿ ಬೀನ್ಸ್

ಕ್ಯಾಮೆರಾ ಒಂದರಿಂದಲೇ ಯಾರೂ ವೇಗವಾಗಿ ಈಜಲ್ಲ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ನೀರಿನ ತಡೆ ಹೆಚ್ಚುಕಡಿಮೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ, ಹಾಗಾಗಿ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರುತ್ತೆ. 10 ಪರ್ಸೆಂಟ್ ಜಾಸ್ತಿ ವೇಗ ಬೇಕು ಅಂದ್ರೆ 33 ಪರ್ಸೆಂಟ್ ಜಾಸ್ತಿ ಪವರ್ ಕೊಡಬೇಕು. ಅದು ಎಲ್ಲಿಂದ ಬರಬೇಕು? ತರಬೇತಿಯಿಂದ.

ಡಾಕ್ ಇಂಟರ್ವಲ್ ತರಬೇತಿಯನ್ನು ಈಜಿನಲ್ಲಿ ಬಳಕೆಗೆ ತಂದ ಪ್ರಮುಖರಲ್ಲಿ ಒಬ್ಬರು. ಸುಮ್ಮನೆ ಕಿಲೋಮೀಟರ್‌ಗಟ್ಟಲೆ ಈಜೋದಲ್ಲ. ನಿಗದಿತ ದೂರ, ನಿಗದಿತ ವೇಗ, ನಿಗದಿತ ವಿಶ್ರಾಂತಿ, ಮತ್ತೆ ಅದೇ. ಇದಕ್ಕೊಂದು ಪ್ರಾಕ್ಟಿಕಲ್ ತೊಂದರೆ ಇದೆ. ಪೂಲಲ್ಲಿ ಮೂವತ್ತು ಜನ, ಕೋಚ್ ಕೈಯಲ್ಲಿ ಒಂದು ಸ್ಟಾಪ್‌ವಾಚ್. ಪರಿಹಾರ, ಪೂಲಿನ ಪಕ್ಕದಲ್ಲಿ ಒಂದು ದೊಡ್ಡ ಗಡಿಯಾರ, ಅದರಲ್ಲಿ ನಿಮಿಷಕ್ಕೆ ಒಂದು ಸುತ್ತು ಬರುವ ಸೆಕೆಂಡ್ ಮುಳ್ಳು. ಗೋಡೆ ಮುಟ್ಟಿದವನು ತಲೆ ಎತ್ತಿ ತನ್ನ ಟೈಮ್ ತಾನೇ ನೋಡ್ಕೋತಾನೆ, ಹೊರಡುವ ಹೊತ್ತನ್ನೂ ಅವನೇ ನೋಡ್ಕೋತಾನೆ. ಇದನ್ನು ಪೇಸ್ ಕ್ಲಾಕ್ ಅಂತಾರೆ. ಇದು ಪೂಲುಗಳಿಗೆ ಬಂದದ್ದರಲ್ಲಿ ಡಾಕ್ ಪಾತ್ರ ದೊಡ್ಡದು. ಇವತ್ತು ಸ್ಪರ್ಧಾತ್ಮಕ ಈಜು ಕಲಿಸುವ ಯಾವುದೇ ಪೂಲಿಗೆ ಹೋದರೂ ಒಂದು ಕಂಡೀತು. ನನ್ನ ಲೆಕ್ಕದಲ್ಲಿ ಕ್ಯಾಮೆರಾಗಿಂತ ಇದು ದೊಡ್ಡ ಆವಿಷ್ಕಾರ. ಅಳತೆ ಮಾಡುವ ಅಧಿಕಾರವನ್ನು ಕೋಚ್ ಕೈಯಿಂದ ತೆಗೆದು ಹುಡುಗನ ಕೈಗೇ ಕೊಡ್ತು.

ತರಬೇತಿಯ ನೋವನ್ನೂ ಡಾಕ್ ಮುಚ್ಚಿಡಲಿಲ್ಲ. ನೋವು, ವೇದನೆ, ಯಾತನೆ ಅಂತ ಮೂರು ಹಂತ ಮಾಡಿ, ಎಷ್ಟು ಸಹಿಸ್ತೀರೋ ಅಷ್ಟು ಮುಂದೆ ಹೋಗ್ತೀರಿ ಅಂತ ಹೇಳಿಕೊಟ್ಟರು. ಅದೇ ಮನುಷ್ಯ, ಚೆನ್ನಾಗಿ ಈಜಿದ ಹುಡುಗರಿಗೆ ಬಹುಮಾನ ಅಂತ ಜೆಲ್ಲಿ ಬೀನ್ಸ್ ಮಿಠಾಯಿ ಹಂಚುತ್ತಿದ್ದರು. ವಿಶ್ವದಾಖಲೆ ಮಾಡುವ ಹುಡುಗರು ಮಿಠಾಯಿಗೆ ಕೈ ಚಾಚುತ್ತಿದ್ದರು!

ಯಾರದೋ ತಪ್ಪಿಗೆ ಯಾರಿಗೋ ಶಿಕ್ಷೆ

ಫಲಿತಾಂಶ ಬೇಗ ಬಂತು. ಚೆಟ್ ಜಾಸ್ಟ್ರೆಮ್ಸ್ಕಿ ಅನ್ನೋ ಬ್ರೆಸ್ಟ್‌ಸ್ಟ್ರೋಕ್ ಈಜುಗಾರ ಡಾಕ್ ಜೊತೆ ಸೇರಿ ಕಾಲಿನ ಒದೆತವನ್ನೇ ಬದಲಾಯಿಸಿದ. ಅಗಲವಾಗಿ ಕಾಲು ಚಾಚಿ ಮುಚ್ಚುವ ಹಳೇ ರೀತಿ ಬಿಟ್ಟು, ಮೊಣಕಾಲು ಹತ್ತಿರ ಇಟ್ಟು ಚಾಟಿಯ ಹಾಗೆ ಒದೆಯುವ ರೀತಿ. ಅಗಲ ಕಮ್ಮಿಯಾದರೆ ನೀರಿನ ತಡೆಯೂ ಕಮ್ಮಿ. 1961ರ ಒಂದೇ ಬೇಸಿಗೆಯಲ್ಲಿ ಅವನು 100 ಮೀಟರ್ ವಿಶ್ವದಾಖಲೆಯನ್ನು ಮತ್ತೆ ಮತ್ತೆ ಮುರಿದು 1 ನಿಮಿಷ 7.5 ಸೆಕೆಂಡಿಗೆ ತಂದ.

ಆದರೆ ಅದೇ ವರ್ಷಗಳಲ್ಲಿ ಇಂಡಿಯಾನಾ ತಂಡ ಅಮೆರಿಕದ ಕಾಲೇಜು ಚಾಂಪಿಯನ್‌ಶಿಪ್ಪಿಗೆ ಕಾಲಿಡುವ ಹಾಗಿರಲಿಲ್ಲ. ಕಾರಣ ಈಜಲ್ಲ, ಫುಟ್‌ಬಾಲ್. ಫುಟ್‌ಬಾಲ್ ತಂಡಕ್ಕೆ ಹುಡುಗರನ್ನು ಸೇರಿಸಿಕೊಳ್ಳುವಾಗ ನಿಯಮ ಮುರಿದಿದ್ದರು ಅಂತ 1960ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ಇಡೀ ವಿಶ್ವವಿದ್ಯಾಲಯಕ್ಕೇ ನಾಲ್ಕು ವರ್ಷದ ಶಿಕ್ಷೆ ಹಾಕಿತು. ಈಜುವ ಹುಡುಗರಿಗೂ ಅದೇ ಶಿಕ್ಷೆ. ನಾಲ್ಕು ವರ್ಷ ಅಂದ್ರೆ ಒಬ್ಬ ವಿದ್ಯಾರ್ಥಿಯ ಪೂರ್ತಿ ಡಿಗ್ರಿ. ಫೆಸ್ಟಲ್ಲಿ ಯಾರೋ ಮಾಡಿದ ಗಲಾಟೆಗೆ ಎಲ್ಲಾ ಕ್ಲಬ್ಬುಗಳನ್ನೂ ಬಂದ್ ಮಾಡಿದರೆ ಹೇಗಿರುತ್ತೆ, ಯೋಚನೆ ಮಾಡಿ. ದೇಶದಲ್ಲೇ ಅತ್ಯಂತ ವೇಗದವರು ಅನ್ನಿಸಿಕೊಂಡವರಲ್ಲಿ ಹಲವರು ಆ ಟ್ರೋಫಿ ಮುಟ್ಟದೇ ಡಿಗ್ರಿ ಮುಗಿಸಿ ಹೋದರು.

ಡಾಕ್ ಬೇರೆ ಕಾಲೇಜಿಗೆ ಹೋಗಲಿಲ್ಲ. ತಮ್ಮ ಪ್ರಾಂತ್ಯದ ಬಿಗ್ ಟೆನ್ ಕೂಟದಲ್ಲಿ 1961ರಿಂದ 1980ರವರೆಗೆ ಸತತ 20 ವರ್ಷ ತಂಡವನ್ನು ಗೆಲ್ಲಿಸಿದರು. ಶಿಕ್ಷೆ ಮುಗಿದ ಮೇಲೆ, 1968ರಿಂದ 1973ರವರೆಗೆ ಸತತ ಆರು ಎನ್‌ಸಿಎಎ ಪ್ರಶಸ್ತಿ.

ಆ ಆರು ವರ್ಷಗಳಲ್ಲೇ ಬಂದವನು ಮಾರ್ಕ್ ಸ್ಪಿಟ್ಜ್. 1968ರ ಮೆಕ್ಸಿಕೊ ಒಲಿಂಪಿಕ್ಸಿಗೆ ಮುಂಚೆ ಆರು ಚಿನ್ನ ಗೆಲ್ತೀನಿ ಅಂದಿದ್ದ. ಸಿಕ್ಕಿದ್ದು ಎರಡು, ಎರಡೂ ರಿಲೇಯಲ್ಲಿ. ಮಾತು ಜಾಸ್ತಿ ಅನ್ನೋ ಕೆಟ್ಟ ಹೆಸರು ಹೊತ್ತು ಇಂಡಿಯಾನಾಕ್ಕೆ ಓದಲು ಬಂದ. ಅವನನ್ನು ಚಿಕ್ಕಂದಿನಿಂದ ಬೆಳೆಸಿದ ಬೇರೆ ಕೋಚುಗಳಿದ್ದರು, ಪೂರ್ತಿ ಶ್ರೇಯ ಡಾಕ್‌ಗೆ ಕೊಡೋದು ಸರಿಯಲ್ಲ. ಆದರೆ ಸೋತು ಬಂದವನು ಮೂರು ವರ್ಷ ಗಟ್ಟಿಯಾದದ್ದು ಈ ತಂಡದಲ್ಲಿ. 1972ರ ಮ್ಯೂನಿಕ್ ಒಲಿಂಪಿಕ್ಸಲ್ಲಿ ಅವನಿಗೆ ಏಳು ಚಿನ್ನ, ಏಳರಲ್ಲೂ ವಿಶ್ವದಾಖಲೆ.

1964 ಮತ್ತು 1976ರಲ್ಲಿ ಅಮೆರಿಕದ ಪುರುಷರ ಒಲಿಂಪಿಕ್ ತಂಡಕ್ಕೂ ಡಾಕ್ ಕೋಚ್. 1976ರ ಮಾಂಟ್ರಿಯಲ್‌ನಲ್ಲಿ ಪುರುಷರ 13 ಸ್ಪರ್ಧೆಗಳಲ್ಲಿ 12 ಚಿನ್ನ ಅವರ ತಂಡಕ್ಕೇ. ಕೈತಪ್ಪಿದ್ದು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್ ಒಂದೇ, ಅದನ್ನು ಬ್ರಿಟನ್ನಿನ ಡೇವಿಡ್ ವಿಲ್ಕಿ ಗೆದ್ದ. ಇಂಡಿಯಾನಾದ ಜಿಮ್ ಮಾಂಟ್ಗೊಮೆರಿ 100 ಮೀಟರ್ ಫ್ರೀಸ್ಟೈಲನ್ನು 49.99 ಸೆಕೆಂಡಲ್ಲಿ ಮುಗಿಸಿ, 50 ಸೆಕೆಂಡಿನ ಗೋಡೆ ದಾಟಿದ ಮೊದಲಿಗನಾದ.

ಸೂತ್ರ ಅಲುಗಿತು, ಫಿಲ್ಮ್ ಉಳಿಯಿತು

ಇಲ್ಲಿಗೆ ಮುಗಿಸಿದ್ದರೆ ಇದು ಮಾಮೂಲಿ ಸಾಧಕರ ಕಥೆ. ಆದರೆ ನಮಗೆ ಬೇಕಾದ ಭಾಗ ಇನ್ನೂ ಇದೆ. ಡಾಕ್ ಕೊಟ್ಟ ಬರ್ನೂಲಿ ವಿವರಣೆ ಪೂರ್ತಿ ಸರಿ ಇರಲಿಲ್ಲ.

ಫ್ಲೂಯಿಡ್ಸ್ ಓದಿದವರಿಗೆ ಅನುಮಾನ ಬಂದಿರಬೇಕು. ಬರ್ನೂಲಿ ಸಮೀಕರಣ ಬಳಸೋಕೆ ಹರಿವು ಸ್ಥಿರವಾಗಿರಬೇಕು, ಘರ್ಷಣೆ ನಗಣ್ಯವಾಗಿರಬೇಕು ಅಂತ ಪರೀಕ್ಷೇಲಿ ಬರೀತೀವಲ್ಲ. ಅಂಗೈ ಅನ್ನೋದು ದಪ್ಪ, ಮೊಂಡು ವಸ್ತು. ಅದು ಪ್ರತಿ ಕ್ಷಣ ದಿಕ್ಕು, ಕೋನ, ವೇಗ ಮೂರನ್ನೂ ಬದಲಾಯಿಸುತ್ತೆ. ನೀರು ಅದರ ಹಿಂಬದಿಗೆ ಅಂಟಿಕೊಂಡು ಹರಿಯಲ್ಲ, ಬೇರ್ಪಟ್ಟು ಸುಳಿಗಳಾಗುತ್ತೆ. ಆಮೇಲಿನ ದಶಕಗಳಲ್ಲಿ ಸಂಶೋಧಕರು ಕೈಯ ಮಾದರಿಗಳನ್ನು ಹರಿಯುವ ನೀರಲ್ಲಿಟ್ಟು ಬಲ ಅಳೆದರು. ಲಿಫ್ಟ್ ಇದೆ, ಆದರೆ ಎಳೆತದ ಮುಖ್ಯ ಭಾಗದಲ್ಲಿ ಡ್ರ್ಯಾಗ್, ಅಂದರೆ ಅದೇ ಹಳೇ 'ಹಿಂದಕ್ಕೆ ತಳ್ಳು' ಬಲ, ಡಾಕ್ ಅಂದುಕೊಂಡಿದ್ದಕ್ಕಿಂತ ತುಂಬಾ ಜಾಸ್ತಿ ಅಂತ ಕಂಡಿತು. ಕೈಯ ಬಳುಕಿನಲ್ಲೂ ಒಂದು ಪಾಲು ಕೈಯದಲ್ಲ, ಈಜುವಾಗ ದೇಹ ಎಡಕ್ಕೆ ಬಲಕ್ಕೆ ಹೊರಳುವುದರಿಂದ ಬಂದದ್ದು ಅಂತ 1990ರ ದಶಕದಲ್ಲಿ ತೋರಿಸಿದರು. 2012ರಲ್ಲಿ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ತಂಡ ಕಂಪ್ಯೂಟರ್ ಸಿಮ್ಯುಲೇಷನ್ನಲ್ಲಿ ಎರಡು ಶೈಲಿಗಳನ್ನು ಹೋಲಿಸಿತು. ಕೈಯನ್ನು ಆಳಕ್ಕೆ ಇಳಿಸಿ ಎಳೆಯುವ ಶೈಲಿ, ಜಾಸ್ತಿ ಬಳುಕಿಸುವ ಶೈಲಿಗಿಂತ ಮೇಲು ಅಂತ ಬಂತು.

ಹಾಗಾದರೆ ಡಾಕ್ ಸೋತರಾ? ನನಗೆ ಹಾಗನ್ನಿಸಲ್ಲ. ಮೊಣಕೈ ಬಾಗಿರುತ್ತೆ ಅಂತ ಅವರ ಫಿಲ್ಮ್ ತೋರಿಸಿದ್ದು ಇವತ್ತಿಗೂ ಪಾಠ. ಕೈಗಿಂತ ದೇಹ ಮುಂದಕ್ಕೆ ಹೋಗುತ್ತೆ ಅಂತ ಬೆಳಕಿನ ಚುಕ್ಕಿಗಳು ತೋರಿಸಿದ್ದು ಇವತ್ತಿಗೂ ನಿಜ. ತಪ್ಪಿದ್ದು ಅದಕ್ಕೆ ಕೊಟ್ಟ ವಿವರಣೆ. ಆ ವಿವರಣೆಯನ್ನು ತಿದ್ದಿದ್ದೂ ಅವರೇ ತೋರಿಸಿಕೊಟ್ಟ ದಾರಿ, ನಂಬಬೇಡ, ಅಳತೆ ಮಾಡು ಅನ್ನೋದು. ಅವರು ಫಿಲ್ಮನ್ನು ಸೂತ್ರಕ್ಕೆ ಹೊಂದುವ ಹಾಗೆ ತಿದ್ದಿದ್ದರೆ ಮುಂದಿನವರಿಗೆ ಏನೂ ಸಿಗ್ತಿರಲಿಲ್ಲ. ರೀಡಿಂಗ್ ಸರಿ ಇದ್ದರೆ ತಪ್ಪು ಸಿದ್ಧಾಂತವನ್ನು ಯಾರಾದರೂ ಒಂದಿನ ಸರಿ ಮಾಡಬಹುದು. ರೀಡಿಂಗೇ ಸುಳ್ಳಾದರೆ, ಸರಿಯಾದ ಸಿದ್ಧಾಂತಕ್ಕೂ ಆಧಾರ ಇರಲ್ಲ.

ಕೊನೆಗೆ ತಾನೇ ನೀರಿಗೆ

1979ರ ಸೆಪ್ಟೆಂಬರಲ್ಲಿ, 58ನೇ ವಯಸ್ಸಿನಲ್ಲಿ ಡಾಕ್ ಇಂಗ್ಲಿಷ್ ಕಾಲುವೆಯನ್ನು ಈಜಿ ದಾಟಿದರು. ಕಡಿಮೆ ಅಂದ್ರೂ 33 ಕಿಲೋಮೀಟರ್ ತಣ್ಣನೆ ಸಮುದ್ರ, 13 ಗಂಟೆಗೂ ಮೀರಿದ ಈಜು. ಆವರೆಗೆ ಅದನ್ನು ದಾಟಿದವರಲ್ಲಿ ಅವರೇ ಅತ್ಯಂತ ಹಿರಿಯರು. ಹುಡುಗರಿಗೆ ನೋವು, ವೇದನೆ, ಯಾತನೆ ಅಂತ ಪಾಠ ಹೇಳಿದವರು ಆ ಮೂರೂ ಹಂತವನ್ನು ಆ ವಯಸ್ಸಲ್ಲಿ ತಮ್ಮ ಮೈಮೇಲೇ ಪರೀಕ್ಷೆ ಮಾಡಿಕೊಂಡರು.

1990ರಲ್ಲಿ ನಿವೃತ್ತರಾದರು. ಪಾರ್ಕಿನ್ಸನ್ ಕಾಯಿಲೆ ಕಾಡುತ್ತಿತ್ತು. ದೇಹದ ಚಲನೆಯನ್ನು ಫ್ರೇಮ್ ಫ್ರೇಮಾಗಿ ಬಿಡಿಸಿ ನೋಡಿದ ಮನುಷ್ಯನಿಗೆ, ತನ್ನ ದೇಹದ ಚಲನೆಯೇ ಹಿಡಿತಕ್ಕೆ ಸಿಗದಂಥ ಕಾಯಿಲೆ. 2004ರ ಜನವರಿಯಲ್ಲಿ, 83ನೇ ವಯಸ್ಸಿನಲ್ಲಿ ತೀರಿಕೊಂಡರು. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಈಜಿನ ವಿಜ್ಞಾನದ ಒಂದು ಸಂಶೋಧನಾ ಕೇಂದ್ರ ಅವರ ಹೆಸರಲ್ಲೇ ಇದೆ.

ಮುಂದಿನ ಸಲ ಲ್ಯಾಬಲ್ಲಿ 0.81 ಬಂದರೆ ಒಂದು ಸಲ ಹಾಗೇ ಬರೆದು ನೋಡಿ. ಕೆಳಗೆ ಒಂದು ಸಾಲು ಸೇರಿಸಿ, ಪೈಪಲ್ಲಿ ಗಾಳಿಗುಳ್ಳೆ ಇತ್ತು, ಅಥವಾ ಟ್ಯಾಂಕಿನ ವಾಲ್ವ್ ಸೋರ್ತಿತ್ತು ಅಂತ, ಏನು ಕಂಡಿತೋ ಅದು. ಒಂದೆರಡು ಮಾರ್ಕ್ ಹೋಗಬಹುದು. ವೈವಾದಲ್ಲಿ "ಯಾಕೆ ಕಮ್ಮಿ ಬಂತು?" ಅಂತ ಕೇಳಿದರೆ, ಈ ಸಲ ನಿಮ್ಮ ಹತ್ತಿರ ಹೇಳೋಕೆ ಏನಾದರೂ ಇರುತ್ತೆ.